ನವಿಲಿನ ಹಿಂಬದಿ

ಕೊಟ್ಟೂರು
14 ಜುಲೈ 1999

ಪ್ರೀತಿಯ ವಾಣಿ,

ಹಿಂಬದಿಯಲ್ಲಿ ಗಂಟು ಕಂಡರೆ ಅದು ಕಸೂತಿಯೇ ಅಲ್ಲ ಅಂತ ಅಂದವರು ಯಾರು, ನಾನೋ ನೀನೋ? ನಾನೇ ಇರಬೇಕು. ನಿನಗೆ ಆಗ ಒಂಬತ್ತು ವರ್ಷ. ಒಂದು ಗಂಟು ಹಾಕಿದ್ದಕ್ಕೆ ಇಡೀ ಬಳ್ಳಿಯನ್ನು ಬಿಚ್ಚಿಸಿದ್ದೆ. ನೀನು ಅಳಲಿಲ್ಲ, ಮತ್ತೆ ಹೊಲಿದೆ. ಅದನ್ನು ನಾನು ನಾಲ್ಕು ಮನೆಯಲ್ಲಿ ಹೇಳಿಕೊಂಡು ಬಂದೆ.

ಈ ಪತ್ರವನ್ನು ಹಡಗಲಿಯ ಹೊಲಿಗೆ ತರಗತಿಗೆ, ಗೀತಮ್ಮ ಟೀಚರ್ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನೀನು ಎಲ್ಲಿದ್ದೀಯೋ ನನಗೆ ಗೊತ್ತಿಲ್ಲ. ಇದರ ಜೊತೆ ಇಟ್ಟಿರುವ ಸ್ಕಾರ್ಫಿನ ಕಸೂತಿ ಕೆಲಸ ನಿನಗೆ ಕೊಟ್ಟವರು ಅವರು. ಎಲ್ಲಿದ್ದರೂ ಒಮ್ಮೆ ಅವರ ಬಳಿಗೆ ಹೋಗುತ್ತೀ ಎಂದು ನಂಬಿದ್ದೇನೆ. ನಂಬಲು ಬೇರೆ ಏನೂ ಉಳಿದಿಲ್ಲ.

ನೀನು ಬಂದ ಆ ಗುರುವಾರ ನಾನು ಹೊಳಲಿಗೆ, ನಿನ್ನ ಸೋದರಮಾವನ ಮನೆಗೆ ಹೋಗಿದ್ದೆ. ಬಾಗಿಲು ಬಡಿದು, ಕರೆದು, ಕೊನೆಗೆ ಪಕ್ಕದ ಮನೆಯ ಪಂಪಮ್ಮನ ಕೈಗೆ ಚೀಲ ಕೊಟ್ಟು ಹೋದೆಯಂತೆ. ಅದರಲ್ಲಿ ಅರ್ಧ ಹೊಲಿದ ಲಿನನ್ ಸ್ಕಾರ್ಫ್, ರೇಷ್ಮೆ ದಾರ, ಸೂಜಿ. ಒಂದು ಚೀಟಿಯೂ ಇರಲಿಲ್ಲ. ಯುಗಾದಿಗೆ ಬಂದಾಗ ನೀನು, ಇನ್ನು ಗಂಡನ ಮನೆಗೆ ಹೋಗುವುದಿಲ್ಲ ಅಂದಿದ್ದೆ. ಅಪ್ಪನಿಲ್ಲದ ಮನೆ, ಜನ ಏನಂದಾರು, ಹೊಂದಿಕೊಂಡು ಹೋಗು ಎಂದು ನಿನ್ನನ್ನು ಹರಪನಹಳ್ಳಿ ಬಸ್ಸು ಹತ್ತಿಸಿದವಳು ನಾನು. ಅಂಥವಳಿಗೆ ಚೀಟಿ ಯಾಕೆ? ಗಂಡನ ಮನೆಯಲ್ಲಿ ಬಿಡುವಿಲ್ಲ, ಅವ್ವ ಮುಗಿಸಿಕೊಡಲಿ ಅಂತ ಇಟ್ಟು ಹೋಗಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ಹತ್ತು ದಿನ ಅದು ಹಾಗೇ ಬಿದ್ದಿತ್ತು. ಭಾನುವಾರ ಬೆಳಕಿಗೆ ಹಿಡಿದು ನೋಡಿದೆ. ಮೊದಲ ನವಿಲು ನಿನ್ನದೇ. ಎಳೆ ಎಣಿಸುತ್ತ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗಿದ ದಾರ; ಎರಡೂ ಬದಿ ಒಂದೇ. ಎರಡನೆಯ ನವಿಲು ಕುತ್ತಿಗೆಯವರೆಗೆ ಸರಿ. ಅಲ್ಲಿಂದ ಹೊಲಿಗೆ ಸಡಿಲ, ಒಂದು ಕಡೆ ಎಳೆ ಹೆಚ್ಚು, ಒಂದು ಕಡೆ ಕಡಿಮೆ. ತಿರುಗಿಸಿದರೆ ಗಂಟುಗಳು. ಹನ್ನೊಂದು.

ನಾನೇನು ಮಾಡಿದೆ ಗೊತ್ತೇ? ಬಿಚ್ಚಲು ಕೂತೆ. ಟೀಚರ್ ನೋಡಿದರೆ ಏನಂದಾರು ಅಂತ. ಮೂರು ಬಿಚ್ಚಿದ ಮೇಲೆ ಕೈ ನಿಂತಿತು. ದಾರದ ತುದಿಯನ್ನು ಹೊಲಿಗೆಯೊಳಗೆ ಅಡಗಿಸಲು ಬೆರಳು ಬಗ್ಗಬೇಕು. ಬಲಗೈ ಬೆರಳು ಬಗ್ಗದವಳು ಗಂಟು ಹಾಕಿದ್ದಾಳೆ. ಇದು ಎಡಗೈಯ ಹೊಲಿಗೆ.

ಪಂಪಮ್ಮನನ್ನು ಕರೆದು ಕೇಳಿದೆ.

"ಬಲಗೈಗೆ ಬಟ್ಟಿ ಸುತ್ಕೊಂಡಿದ್ಲಲ್ರಿ ಅಕ್ಕಾರ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ," ಅಂದಳು.

ಸೋಮವಾರ ಹರಪನಹಳ್ಳಿಗೆ ಹೋದೆ. ನಿನ್ನ ಗಂಡ ಅಂಗಳದಲ್ಲಿ ಸ್ಕೂಟರ್ ಒರೆಸುತ್ತಿದ್ದ, ತಲೆ ಎತ್ತಲಿಲ್ಲ. ನಿನ್ನ ಅತ್ತೆ ಚಹಾ ಕೊಟ್ಟರು. ತವರಿಗೆ ಎಂದು ಹೇಳಿ ಹೋದವಳು ಆಮೇಲೆ ಬಂದೇ ಇಲ್ಲವಂತೆ. ಅವರೂ ಹುಡುಕಿಲ್ಲ.

"ನಿಮ್ಮನಿಗೇ ಹೋಗ್ಯಾಳ. ಮಗಳನ್ನ ಸಂತ್ಯಾಗ ಕಳಕೊಂಡೋರಂಗ ನಮ್ಮನ್ನ ಕೇಳ್ತೀರಲ್ರಿ," ಅಂದರು.

ಕೈಗೆ ಏನಾಗಿತ್ತು ಎಂದು ಕೇಳಿದೆ. ಬಚ್ಚಲಲ್ಲಿ ಜಾರಿದ್ದಂತೆ. ನಾನು ಆ ಚಹಾ ಕುಡಿದೆ ವಾಣಿ. ಲೋಟವನ್ನೂ ತೊಳೆದಿಟ್ಟು ಬಂದೆ.

ನಿನ್ನೆ ಠಾಣೆಯಲ್ಲಿ ನಿನ್ನ ಮದುವೆಯ ಫೋಟೋ ಕೊಟ್ಟೆ. ಗುರುತೇನು ಎಂದರು. ಬಲಗೈಗೆ ಬಟ್ಟೆ ಎಂದೆ. ಕೊನೆಗೆ ಕಂಡವರು ಯಾರು ಎಂದರು. ಪಂಪಮ್ಮ ಎಂದೆ. ಬರೆದುಕೊಂಡರು.

ಸ್ಕಾರ್ಫನ್ನು ಇದರ ಜೊತೆಗೇ ಇಟ್ಟಿದ್ದೇನೆ. ಉಳಿದ ಎಂಟು ಗಂಟುಗಳನ್ನು ಮುಟ್ಟಿಲ್ಲ. ಟೀಚರ್ ಬೈದರೆ ನನ್ನ ಹೆಸರು ಹೇಳು. ಅಲ್ಲಿಂದ ನೇರ ಮನೆಗೆ ಬಾ. ಇನ್ನು ಎಲ್ಲಿಗೂ ಕಳಿಸುವುದಿಲ್ಲ. ಜನ ಏನಾದರೂ ಅಂದುಕೊಳ್ಳಲಿ.

ನಿನ್ನ ಅವ್ವ,
ಕಲ್ಯಾಣಮ್ಮ

ತಾ.ಕ.: ಹೊಳಲಿಗೆ ಹೋಗಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. ಠಾಣೆಯಲ್ಲೂ ಅದನ್ನೇ ಹೇಳಿ ಬಂದಿದ್ದೇನೆ. ಆ ಗುರುವಾರ ನಾನು ಒಳಗೇ ಇದ್ದೆ. ನೀನು ಮೂರು ಸಲ ಅವ್ವಾ ಅಂದೆ. ನನ್ನ ಕೈ ಅಗುಳಿಯ ಮೇಲಿತ್ತು. ತೆಗೆದು ನಿನ್ನ ಮುಖ ನೋಡಿದ್ದರೆ ಮತ್ತೆ ಕಳಿಸಲು ನನ್ನಿಂದ ಆಗುತ್ತಿರಲಿಲ್ಲ, ಅದಕ್ಕೇ ತೆಗೆಯಲಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಇರಲಿಲ್ಲ. ಅದನ್ನು ನೀನು ನೋಡಿದೆಯಾ?