ದೌಲಪ್ಪನ ಪಾಲಿನ ಬೀಡಿ

ಕಮಲಾಪುರ
೧೨-೯-೧೯೯೪

ಕಲಬುರಗಿಯ ಭಾಗಮ್ಮ ತಾಯಿಯವರಿಗೆ ಕಲ್ಯಾಣಪ್ಪನ ಶರಣು.

ನಾನು ಬೀಡಿ ಬಿಟ್ಟೆ. ಕೆಮ್ಮು ತಗ್ಗಿದೆ. ಮೊಮ್ಮಗಳು ಈಗ ಮೂಗು ಮುಚ್ಚಿಕೊಳ್ಳದೆ ತೊಡೆಯ ಮೇಲೆ ಕೂರುತ್ತಾಳೆ.

ಮಿಲಿಟರಿ ಡಾಕ್ಟರೂ ನನ್ನ ಹೆಂಡತಿಯೂ ಹೇಳಿ ಹೇಳಿ ಸೋತಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ನಿಮ್ಮ ದೌಲಪ್ಪ ಹೋದ ಮೇಲೆ, ಅಮಾವಾಸ್ಯೆಗೊಮ್ಮೆ ಅವನಿಗೆ ಎಡೆ ಇಟ್ಟು, ಪಕ್ಕದಲ್ಲಿ ಬೀಡಿ ಹಚ್ಚಿಡುತ್ತಿದ್ದೆ. ಬಂಕರಿನಲ್ಲಿ ಒಂದೇ ಬೀಡಿಯನ್ನು ಇಬ್ಬರೂ ಸೇದಿದವರು ನಾವು. ಬಾಯಲ್ಲಿಟ್ಟು ಎಳೆಯದೆ ಬೀಡಿ ಹತ್ತುವುದಿಲ್ಲ. ಒಮ್ಮೆ ಎಳೆದರೆ ನನ್ನ ಚಟ ಮತ್ತೆ ಶುರು. ಅವನ ಪಾಲು ತಪ್ಪಿಸಲು ಮನಸ್ಸು ಬರಲಿಲ್ಲ.

ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ಇದನ್ನೆಲ್ಲ ಹೇಳಿದೆ. ನೀವು ರೊಟ್ಟಿ ಬಡಿಯುತ್ತಲೇ ಅಂದಿರಿ: “ಮೊನ್ನಿ ಕನಸಿನಾಗ ಬಂದಿದ್ದ. ಬೀಡಿ ಬಿಟ್ಟೀನಿ ಯವ್ವ ಅಂದ. ಇನ್ನ ಅವಗ ಹಚ್ಚಬ್ಯಾಡಪ್ಪ.”

ಮಗ ಒಮ್ಮೆಯೂ ಕನಸಿಗೆ ಬರಲಿಲ್ಲವೆಂದು ಹೋದ ವರ್ಷ ಅತ್ತವರು ನೀವೇ. ಆದರೂ ನಂಬಿದೆ, ತಾಯಿ. ನಿಮ್ಮ ಉಪಕಾರ ಮರೆಯಲಾರೆ.

ಈ ಅಮಾವಾಸ್ಯೆಗೆ ಅವನಿಗೆ ನಮ್ಮೂರ ಕೆಂಪು ಬಾಳೆಹಣ್ಣು ಇಟ್ಟೆ. ಅದೇ ಗೊನೆಯ ಹಣ್ಣು ನಿಮಗೂ ಕಳಿಸಿದ್ದೇನೆ. ಮಲಗುವ ಮುಂಚೆ ಒಂದು ತಿನ್ನಿರಿ.

ಅವನು ನಿಜವಾಗಿಯೂ ಕನಸಿಗೆ ಬಂದರೆ, ನಾನೂ ಬಿಟ್ಟೆನೆಂದು ಹೇಳಿರಿ.

ನಿಮ್ಮ ಮಗನ ಜೊತೆಗಾರ,
ಮಾಜಿ ಹವಾಲ್ದಾರ್ ಕಲ್ಯಾಣಪ್ಪ