ಕಂಬಳಿಯೊಳಗಿನ ತಿಳಿಹಸಿರು

ಸಿಂಧನೂರು
18 ಆಗಸ್ಟ್, ಸೋಮವಾರ

ನನ್ನ ಮುದ್ದು ಅವ್ವನಿಗೆ, ಭಾಗ್ಯಳ ಸಾವಿರ ಮುತ್ತುಗಳು!

ಪತ್ರ ನೋಡಿ ಗಾಬರಿಯಾಗಬೇಡ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕಿ ಸಂತೆಕಲ್ಲೂರಿನ ಓಣಿಗೆಲ್ಲ ಕೇಳಿಸುತ್ತೀ. ಅಷ್ಟು ಜನರ ಮುಂದೆ ಗಂಡನನ್ನು ಹೇಗೆ ಹೊಗಳಲಿ? ಇಂಗ್ಲಿಷ್ ಶಾಲೆಯವಳ ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಅವ್ವ, ನಿನ್ನ ಅಳಿಯ ಎಂಥವರು ಗೊತ್ತಾ! ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ನೀನೇ ಹೇಳಿದ್ದೆ. ಬರೆಯಬಾರದು ಎಂದಿಲ್ಲವಲ್ಲ? ಬೀರಲಿಂಗ, ಬೀರಲಿಂಗ, ಬೀರಲಿಂಗ!

ಹೋದ ವಾರ ಬಾಯಿ ತಪಾಸಣೆಗೆಂದು ಮುಕ್ಕುಂದ ಹಳ್ಳಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಭತ್ತದ ನಾಟಿ ಮುಗಿಸಿ ಬಂದ ಹೆಂಗಸರು. ಎಲ್ಲರ ದವಡೆಯಲ್ಲೂ ತಂಬಾಕು. ಅವರ ಬಾಯೊಳಗೆ ಇವರು ತಾವು ಕೆಲಸ ಮಾಡುವ ಲ್ಯಾಬಿನವರು ಮಾಡಿದ ದೀಪದ ನೀಲಿ ಬೆಳಕು ಹಿಡಿಯುತ್ತಾರೆ. ಚುಚ್ಚುವುದಿಲ್ಲ, ಕುಯ್ಯುವುದಿಲ್ಲ. ಬಾಯಿಯ ಒಳಚರ್ಮ ಚೆನ್ನಾಗಿದ್ದರೆ ಆ ಬೆಳಕು ಬಿದ್ದೊಡನೆ ತಾನೇ ತಿಳಿಹಸಿರಾಗಿ ಹೊಳೆಯುತ್ತದೆ. ಕೆಡತೊಡಗಿದ ಜಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ. ಬರಿಗಣ್ಣಿಗೆ ಇನ್ನೂ ಏನೂ ಕಾಣದಿದ್ದಾಗಲೇ! ನನಗೆ ಮೈ ಜುಮ್ಮೆಂದಿತು.

ನೋಡಲು ಕತ್ತಲೆ ಬೇಕು. ಲ್ಯಾಬಿನಲ್ಲಿ ಅದಕ್ಕೊಂದು ಕೋಣೆಯೇ ಇದೆಯಂತೆ. ಇಲ್ಲಿ ನಮ್ಮ ಮಾವನವರ ಕರಿ ಕಂಬಳಿ. ಅದನ್ನು ಹೊದ್ದು ಇವರು ಒಬ್ಬ ಮುದುಕಿಯ ಬಾಯಿ ನೋಡುತ್ತಿದ್ದರೆ ಒಳಗಿನಿಂದ ಅವಳು ನನ್ನನ್ನು ಕೂಗಿದಳು: "ಏ ತಂಗಿ, ನಿನ್ನ ಗಂಡ ನನ್ನನ್ನ ಕಂಬಳ್ಯಾಗ ಕರಕೊಂಡಾನ, ನೀ ಸುಮ್ನ ನಿಂತೀಯಲ್ಲ ಬೇ!" ಇವರ ಕಿವಿ ಕೆಂಪಾದದ್ದು ನೋಡಬೇಕಿತ್ತು.

ಪಂಚಮಿಗೆ ತವರಿಗೆ ಬಂದಿದ್ದ ನನ್ನನ್ನು ಕರೆದೊಯ್ಯಲು ಇವರು ಬಂದಾಗ ನಿನಗೂ ಅದೇ ಕಂಬಳಿ ಹೊದಿಸಿದೆವಲ್ಲ. ಅಳಿಯನ ಮುಂದೆ ಒಂದು ಮಾತೂ ಆಡದೆ, ಮುಖದ ತುಂಬ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಂತಿದ್ದವಳು ನೀನು. ಅಪ್ಪ ಹೇಳಿದ್ದು ನೆನೆದರೆ ಈಗಲೂ ನಗು: "ಮದುವಿ ಆದಾಗಿಂದ ನನ್ನ ಮ್ಯಾಲ ಬಾಯಿ ತಗದೀದಿ, ಅಳಿಯನ ಮುಂದ ತಗಿಯಾಕ ಏನ್ ನಾಚಿಕಿ?" ನಿನ್ನ ಬಾಯಂತೂ ಯಾರಿಗೂ ಇಲ್ಲದಷ್ಟು ಫಳಫಳ ಹೊಳೆಯಿತು. "ಚೊಲೋ ಅದ ರೀ" ಎಂದರು ಇವರು. ನಾನು ಚಪ್ಪಾಳೆ ತಟ್ಟಿದೆ.

ಆಮೇಲೆ ನಮ್ಮನ್ನು ಕಳಿಸಲು ಬಂದಾಗ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ನೀನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದೆ: "ಅಳಿಯಗ ತಂಬಾಕಿನ ವಾಸನಿ ಬಡೀಬಾರದಂತ ಬಾಯಿತುಂಬ ಅರಿಷಿಣ ತಿಕ್ಕಿಕೊಂಡಿದ್ನೆವ್ವಾ. ಒಳಗಿನ ಹುಣ್ಣಿಗೂ ಆತು." ನಿನ್ನೆ ಊಟಕ್ಕೆ ಕೂತಾಗ ಅದನ್ನು ಇವರಿಗೆ ಹೇಳಿ ಬಿದ್ದು ಬಿದ್ದು ನಕ್ಕೆ. ಇವರು ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟು, "ಹುಣ್ಣು ಯಾವಾಗಿಂದ ಅದ?" ಎಂದರು. ನನಗೆ ಗೊತ್ತಿರಲಿಲ್ಲ.

ಆ ಬೆಳಕಿಗೆ ಅರಿಶಿಣವೂ ಹೊಳೆಯುತ್ತದಂತೆ ಅವ್ವ. ಅಂದು ಹೊಳೆದದ್ದು ನಿನ್ನ ಬಾಯೋ ಅರಿಶಿಣವೋ ಹೇಳಲಾಗದು.

ಬೇರೆಯವರಾಗಿದ್ದರೆ ನಿನ್ನನ್ನೇ ಬೈಯುತ್ತಿದ್ದರು. ಇವರು, "ತಪ್ಪು ನಂದು. ಬಾಯಿ ತೊಳಸದ ನೋಡೀನಿ, ಕೇಳದ ಚೊಲೋ ಅದ ಅಂದೀನಿ" ಎಂದರು. ಆಗಲೇ ಲ್ಯಾಬಿನ ಹಿರಿಯರಿಗೆ ಫೋನ್ ಮಾಡಿ ತಮ್ಮ ತಪ್ಪನ್ನು ಒಪ್ಪಿಕೊಂಡರು. ಇನ್ನು ಮುಂದೆ ಮೊದಲು ಬಾಯಿ ತೊಳೆಸಿ, ಅರಿಶಿಣ ಹಚ್ಚಿದ್ದೀರಾ ಎಂದು ಕೇಳಿಯೇ ಬೆಳಕು ಹಿಡಿಯುತ್ತಾರಂತೆ. ಇಂಥ ಗಂಡನನ್ನು ಹೊಗಳದೆ ಹೇಗಿರಲಿ?

ನೀನು ಒಮ್ಮೆ ಸಿಂಧನೂರಿಗೆ ಬಾ. ಇಲ್ಲಿ ಬಾಯಿಯ ಡಾಕ್ಟರ್ ಇದ್ದಾರೆ. ಬೆಳಕು ಅನುಮಾನದ ಜಾಗಕ್ಕೆ ಬೆರಳು ತೋರಿಸುತ್ತದೆ ಅಷ್ಟೇ, ರೋಗ ಹೌದೋ ಅಲ್ಲವೋ ಅವರೇ ಹೇಳಬೇಕು ಎನ್ನುತ್ತಾರೆ ಇವರು. ಹಾಗೆಯೇ ಮಗಳ ಮನೆ ನೋಡಿದ ಹಾಗೂ ಆಯಿತು. ನಾನು ಮಾಡುವ ಪುಂಡಿಪಲ್ಯ ತಿಂದು ನಗುವಿಯಂತೆ.

ಅಪ್ಪನಿಗೆ ನಮಸ್ಕಾರ.

ನಿನ್ನ ಮಡಿಲ ಹುಚ್ಚಿ,
ಭಾಗ್ಯ

ತಾ.ಕ.: ಗಾಬರಿಪಡಿಸಬೇಡ ಎಂದಿದ್ದಾರೆ ಇವರು, ಆದರೂ ನಿನ್ನಿಂದ ಮುಚ್ಚಿಡಲಾರೆ. ಪಂಚಮಿಯ ದಿನ ಆ ಬೆಳಕಿನಲ್ಲಿ ತೆಗೆದ ನಿನ್ನ ಬಾಯಿಯ ಫೋಟೋವನ್ನು ನಿನ್ನೆ ಇಬ್ಬರೂ ಮತ್ತೆ ನೋಡಿದೆವು. ಎಡಗೆನ್ನೆಯ ಒಳಗೆ, ಅರಿಶಿಣ ಮುಟ್ಟದ ಮೂಲೆಯಲ್ಲಿ, ಜೋಳದ ಕಾಳಿನಷ್ಟು ಜಾಗ ಕಪ್ಪಾಗಿದೆ. ಏನೂ ಇಲ್ಲದೆಯೂ ಇರಬಹುದು. ಆದರೆ ನೋಡದೆ ಬಿಡುವಂತಿಲ್ಲ. ಈ ಪತ್ರ ಕೊಟ್ಟ ನಿನ್ನ ಅಳಿಯ ಅಂಗಳದಲ್ಲೇ ನಿಂತಿರುತ್ತಾರೆ. ನಿನ್ನನ್ನು ಬಿಟ್ಟು ಬರುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದಾರೆ. ಬಾಗಿಲ ಹಿಂದೆ ನಿಲ್ಲಬೇಡ. ಸೆರಗು ಸರಿಸಿ, ಹುಣ್ಣು ಯಾವಾಗಿನದು ಎಂದು ನಿನ್ನ ಬಾಯಿಂದಲೇ ಅವರಿಗೆ ಹೇಳು. ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ ಹೊರಡು ಅವ್ವ. ಅರಿಶಿಣ ಬೇಡ. ವಾಸನೆ ಬಂದರೆ ಬರಲಿ.