ರೈಟ್ ಪೋಯಿ, ಮೈಮೂನಕ್ಕ

ಪಕ್ಕದ ಹಾಸಿಗೆಯ ನನ್ನ ಮೈಮೂನಕ್ಕನಿಗೆ,

ನಿಮಗೆ ಕನ್ನಡ ಓದಲಿಕ್ಕೆ ಬರುತ್ತಿರಲಿಲ್ಲ ಎಂಬುದು ನನಗೆ ಮರೆತಿಲ್ಲ. ಡಾಕ್ಟರು ಬರೆದುಕೊಟ್ಟ ಚೀಟಿಗಳನ್ನೆಲ್ಲ ನನ್ನ ಕಡೆಗೆ ಚಾಚಿ, ತಿನ್ನುವಂಥದ್ದು ಒಂದಾದರೂ ಬಿಟ್ಟಿದ್ದಾರಾ ನೋಡು ಎನ್ನುತ್ತಿದ್ದಿರಿ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಆದರೆ ನಾನು ಶಾಲೆಯಲ್ಲಿ ಬರೆಯಲು ಕಲಿತದ್ದು ಕನ್ನಡ, ಪೆನ್ನು ಹಿಡಿದರೆ ಬರುವುದು ಅದೊಂದೇ. ಈಗ ನೀವಿರುವಲ್ಲಿ ಓದಿ ಹೇಳುವವರು ಯಾರಾದರೂ ಇದ್ದೇ ಇರುತ್ತಾರೆ. ಇಲ್ಲವೆಂದರೆ ಗದರಿಸಿಯಾದರೂ ಯಾರನ್ನೋ ಹಿಡಿದು ಕೂರಿಸುತ್ತೀರಿ, ನಿಮ್ಮನ್ನು ನಾನು ನೋಡಿಲ್ಲವೇ? ಇವತ್ತು ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಬೇರೆಯವರಿಗೆ ಹೇಳಿದರೆ ಇದರಲ್ಲೇನುಂಟು ಎಂದಾರು. ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ.

ಮೊದಲ ಸಲ ಡಯಾಲಿಸಿಸ್‌ಗೆ ಮೂಡುಬಿದಿರೆಗೆ ಬಂದ ದಿನ ನಾನು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದೆ. ಕೊನೆಯ ಹೆರಿಗೆಯ ಹೊತ್ತಿಗೆ ಏರಿದ ಬಿಪಿ ಇಳಿಯಲೇ ಇಲ್ಲ, ಕಿಡ್ನಿ ಎರಡೂ ಕೈಕೊಟ್ಟವು. ಇನ್ನು ವಾರಕ್ಕೆ ಮೂರು ದಿನ ಈ ಯಂತ್ರದ ಪಕ್ಕ ಮಲಗಬೇಕು ಎಂದಿದ್ದರು. ಮನೆಯಲ್ಲಿ ಹಾಲು ಕುಡಿಯುವ ಮಗು, ಅದಕ್ಕಿಂತ ದೊಡ್ಡವು ಎರಡು. ಆಚೆ ಹಾಸಿಗೆಯಿಂದ ಒಂದು ದಪ್ಪ ಸ್ವರ ಕೇಳಿತು.

"ಮಕ್ಕಳೆಷ್ಟು?"

"ಮೂರು."

"ಮೂರಕ್ಕೆ ಇಷ್ಟು ಅಳುವುದಾ? ನನಗೆ ಆರು ಉಂಟು. ಹಾಗಾದರೆ ನಾನು ಎಷ್ಟು ಅಳಬೇಕು ಮಾರಾಯ್ತಿ?"

ಆಚೆಯವರಿಗೆ ನಗು, ಸಿಸ್ಟರಿಗೂ ನಗು. ನನಗೆ ಮೈಯೆಲ್ಲ ಉರಿಯಿತು. ಯಾರಪ್ಪ ಈ ಹೆಂಗಸು ಎಂದು ತಿರುಗಿ ನೋಡಿದರೆ ನೀವು ತಲೆಯ ಬಟ್ಟೆ ಸರಿಪಡಿಸುತ್ತ, ನನ್ನ ಕಡೆಗೆ ಒಂದು ಐಸ್ ತುಂಡಿನ ಲೋಟ ನೂಕುತ್ತಿದ್ದಿರಿ. ನೀರು ಕುಡಿಯಬೇಡ, ಇದನ್ನು ಬಾಯಲ್ಲಿಟ್ಟುಕೋ, ಬಾಯಾರಿಕೆ ಮೋಸ ಹೋಗುತ್ತದೆ ಎಂದಿರಿ. ಈ ಕಾಯಿಲೆಯಲ್ಲಿ ನನಗೆ ಸಿಕ್ಕಿದ ಮೊದಲ ಉಪಯೋಗದ ಮಾತು ಅದು.

ಮನೆಗೆ ಬಂದವರು ತರುವ ಬೊಂಡದ ಕಥೆ ಹೇಳಿ ನೀವು ನಗಿಸಿದ್ದು ನೆನಪುಂಟೇ? ನಮ್ಮೂರಿನಲ್ಲಿ ಯಾರಿಗೆ ಹುಷಾರಿಲ್ಲವೆಂದು ಗೊತ್ತಾದರೂ ಸರಿ, ಕೈಯಲ್ಲಿ ಎರಡು ಎಳನೀರು ತೂಗಿಸಿಕೊಂಡು ಹೊರಟೇಬಿಡುತ್ತಾರೆ. ಕಿಡ್ನಿ ಕೆಟ್ಟ ನಮ್ಮಂಥವರಿಗೆ ಅದೇ ವಿಷ ಎಂದರೆ ಯಾರು ನಂಬುತ್ತಾರೆ? ಎಳನೀರಿನಿಂದ ಕೆಟ್ಟದ್ದಾದದ್ದು ಎಲ್ಲಿಯಾದರೂ ಉಂಟಾ ಎಂದು ನನ್ನ ಅತ್ತೆಯ ತಂಗಿ ಮುಖ ಊದಿಸಿಕೊಂಡಿದ್ದರು. ನಿಮಗೋ, ಸೌದಿಯ ದಮ್ಮಾಮಿನಿಂದ ಮಗ ಖರ್ಜೂರ ಕಳಿಸುತ್ತಿದ್ದ. ಅದೂ ನಿಷಿದ್ಧ. ಒಂದನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿ, ಉಳಿದದ್ದನ್ನೆಲ್ಲ ನನ್ನ ಮಕ್ಕಳಿಗೆಂದು ಕಟ್ಟಿ ಕೊಡುತ್ತಿದ್ದಿರಿ. ರಂಜಾನಿನಲ್ಲಿ ಉಪವಾಸ ಹಿಡಿಯಲಾಗುವುದಿಲ್ಲ ಎಂದು ಒಮ್ಮೆ ನಿಮ್ಮ ಕಣ್ಣು ತುಂಬಿತು. ನೀವೇ ಕಣ್ಣೊರೆಸಿಕೊಂಡು, ನನಗೆ ವರ್ಷವಿಡೀ ನೀರಿನ ಉಪವಾಸವೇ, ಮೇಲಿರುವವನು ಅದನ್ನೇ ಹಿಡಿದುಕೊಳ್ಳಲಿ ಎಂದಿರಿ. ನಮ್ಮ ಮನೆಯಲ್ಲಿ ಈಗ ಬೊಂಡ ತಂದವರನ್ನು ಬಾಗಿಲಲ್ಲೇ ತಡೆಯುವವನು ನಮ್ಮ ಚಿನ್ಮಯ. ಅಮ್ಮನಿಗೆ ಆಗುವುದಿಲ್ಲ, ನಮಗೆ ಆಗ್ತದೆ ಎಂದು ಕತ್ತಿಯನ್ನೂ ಅವನೇ ತಂದು ಮುಂದಿಡುತ್ತಾನೆ.

ಮಕ್ಕಳು ನನ್ನ ಎಡಗೈಗೆ ಕಿವಿಯಿಟ್ಟ ಮೊದಲ ದಿನದ ಸುದ್ದಿಯನ್ನು ನಿಮಗೆ ಎಷ್ಟು ಸಂತೋಷದಿಂದ ಹೇಳಿದ್ದೆ! ಸೂಜಿ ಚುಚ್ಚಲೆಂದು ಮುಂಗೈಯಲ್ಲಿ ಎರಡು ರಕ್ತನಾಳಗಳನ್ನು ಜೋಡಿಸಿ ಆಪರೇಷನ್ ಮಾಡಿದ್ದರಲ್ಲ, ಅಲ್ಲಿ ರಕ್ತ ಜುಂಯ್ ಎಂದು ಹರಿಯುತ್ತದೆ. ಬೆರಳಿಟ್ಟರೆ ತಿಳಿಯುತ್ತದೆ, ಕಿವಿಯಿಟ್ಟರೆ ಕೇಳುತ್ತದೆ. ಒಳಗೆ ಜೇನುಹುಳ ಉಂಟು ಎಂದ ಚಿನ್ಮಯ. ಸಣ್ಣವಳು ಆದ್ಯ ಆ ಹುಳಕ್ಕೆ ಅನ್ನ ಹಾಕುವ ಎಂದು ಹಟ ಹಿಡಿದಳು. ದೊಡ್ಡವಳು ಧನ್ವಿ ಮಾತ್ರ ನಗಲಿಲ್ಲ. ಆ ಸದ್ದು ನಿಂತರೆ ಕೂಡಲೇ ಆಸ್ಪತ್ರೆಗೆ ಬರಬೇಕು ಎಂದು ಸಿಸ್ಟರ್ ಹೇಳುವಾಗ ಅವಳು ನನ್ನ ಜೊತೆಗಿದ್ದಳು. ಅಂದಿನಿಂದ ದಿನಾ ಬೆಳಿಗ್ಗೆ ಶಾಲೆಯ ಚೀಲ ಹೆಗಲಿಗೇರಿಸುವ ಮೊದಲು ಅವಳ ಕಿವಿ ನನ್ನ ಕೈಯ ಮೇಲೆ.

ಒಂದು ದಿನ ಅದು ನಿಜವಾಗಿಯೂ ನಿಂತಿತು. ನಾನು ದೋಸೆ ಹುಯ್ಯುವ ಗಡಿಬಿಡಿಯಲ್ಲಿದ್ದೆ. ಅಮ್ಮ, ಕೇಳುವುದಿಲ್ಲ ಎಂದಳು. ಸರಿಯಾಗಿ ಕಿವಿ ಇಡು ಎಂದು ಗದರಿದೆ. ಮತ್ತೆ ಇಟ್ಟಳು, ತುಟಿ ಬೆಳ್ಳಗಾಯಿತು. ನಮ್ಮ ಮನೆಯವರು ತಮ್ಮ ಬಸ್ಸಿನ ಡ್ಯೂಟಿಗೆ ಬೇರೊಬ್ಬ ಕಂಡಕ್ಟರನ್ನು ಹಾಕಿಸಿ ನನ್ನನ್ನು ಮಂಗಳೂರಿಗೆ ಓಡಿಸಿದರು. ಅಲ್ಲಿ ಡಾಕ್ಟರು ಹೆಪ್ಪುಗಟ್ಟಿದ ರಕ್ತವನ್ನು ತೆಗೆದು ಕೈಯನ್ನು ಉಳಿಸಿಕೊಟ್ಟರು. ತಡವಾಗಿದ್ದರೆ ಇನ್ನೊಂದು ಕಡೆ ಹೊಸದಾಗಿ ಕೊಯ್ಯಬೇಕಿತ್ತು ಎಂದರು. ಆಮೇಲೆ ಶುರುವಾಯಿತು ನೋಡಿ, ಊರಿನವರ ಹೊಗಳಿಕೆ. ಅವಳು ಮಗುವಲ್ಲ, ನರ್ಸ್! ಇಂಥ ಮಗಳು ಹುಟ್ಟಬೇಕಾದರೆ ಪುಣ್ಯ ಬೇಕು! ನಾನೂ ಹೊಗಳಿದೆ ಮೈಮೂನಕ್ಕ, ಬಾಯಿ ತುಂಬ ಹೊಗಳಿದೆ. ಯಾರಿಗಾದರೂ ಹೊಳೆಯುತ್ತದೆಯೇ, ಹೊಗಳಿಕೆಯಿಂದಲೂ ಮಗುವನ್ನು ಕಟ್ಟಿ ಹಾಕಬಹುದೆಂದು?

ಧನ್ವಿ ಖೋಖೋ ಬಿಟ್ಟಳೆಂದು ನಾನು ನಿಮ್ಮಲ್ಲಿ ಹೇಳಿದ್ದು ಸುಮ್ಮನೆ, ಮಾತಿಗೆ. ಶಾಲೆಯ ತಂಡದಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಆದರೆ ಅಭ್ಯಾಸ ಬೆಳಿಗ್ಗೆ ಬೇಗ, ಪಂದ್ಯ ಬೇರೆ ಊರಿನಲ್ಲಿ. ನನ್ನ ಕೈ ಕೇಳದೆ ಅವಳು ಹೊರಡುವುದಿಲ್ಲ, ಕೇಳಿ ಹೊರಟರೂ ಮಧ್ಯಾಹ್ನಕ್ಕೆ ಅಳುಬುರುಕಿ. ಶಾಲೆಯ ಪ್ರವಾಸಕ್ಕೂ ಹೆಸರು ಕೊಡಲಿಲ್ಲ. ನಾನು ಅದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆನೆಂದು ಕಾಣುತ್ತದೆ. ನೀವು ನಗಲಿಲ್ಲ. ಯಂತ್ರದ ಕಡೆ ನೋಡುತ್ತ ನಿಮ್ಮ ದೊಡ್ಡ ಮಗಳು ಝೊಹರಾಳ ವಿಷಯ ತೆಗೆದಿರಿ. ಸಕ್ಕರೆ ಕಾಯಿಲೆಯಿಂದಾದ ನಿಮ್ಮ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಲೆಂದು, ಕೆಳಗಿನ ಐದು ಮಕ್ಕಳನ್ನು ನೋಡಿಕೊಳ್ಳಲೆಂದು ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟವಳು.

"ಬೆಳ್ತಂಗಡಿಗೆ ಮದುವೆ ಮಾಡಿ ಕೊಟ್ಟೆ, ಎರಡು ಮಕ್ಕಳಾದವು. ಇಲ್ಲಿಗೆ ಬಂದಾಗ ನಾನು ಕೆಮ್ಮಿದರೆ ಈಗಲೂ ಎದ್ದು ಕೂರ್ತಾಳೆ. ಮಗುವಾಗಿರಲಿಕ್ಕೆ ಅವಳಿಗೆ ಪುರುಸೊತ್ತೇ ಆಗಲಿಲ್ಲ. ಆ ಹುಡುಗಿಯ ಕಿವಿಯನ್ನು ನಿನ್ನ ಕೈಯಿಂದ ಬಿಡಿಸು ಶಶಿ."

ಹೇಗೆ ಬಿಡಿಸುವುದು ಎಂದು ಕೇಳಿದೆ. ಕೈ ಯಾರದ್ದು ಎಂದು ಕೇಳಿದಿರಿ. ನನ್ನದು ಎಂದೆ. ಹಾಗಾದರೆ ನೋಡಿಕೊಳ್ಳಬೇಕಾದವರು ಯಾರು ಎಂದು ಕೇಳಿ ಆ ಕಡೆ ತಿರುಗಿ ಮಲಗಿದಿರಿ.

ಆಮೇಲಿನ ವಾರದಲ್ಲೇ ಅಲ್ಲವೇ ನೀವು... ನಾನು ಬಂದಾಗ ನಿಮ್ಮ ಹಾಸಿಗೆಗೆ ಹೊಸ ಬೆಡ್‌ಶೀಟ್ ಹಾಕಿತ್ತು. ಸಿಸ್ಟರ್ ನನ್ನ ಮುಖ ನೋಡದೆ ಬಿಪಿ ನೋಡಿದರು. ವಾಮದಪದವಿನಿಂದ ಬರುವ ಮೈಮೂನಕ್ಕನಿಗೆ ಬಸ್ ತಪ್ಪಿರಬೇಕು ಎಂದು ನಾನೇ ಜೋರಾಗಿ ಹೇಳಿದೆ. ಆಗ ಸಿಸ್ಟರ್ ಹೇಳಿಯೇಬಿಟ್ಟರು. ಹೃದಯ ನಿಂತದ್ದಂತೆ, ಮನೆಯಲ್ಲೇ, ಬೆಳಗ್ಗಿನ ನಮಾಜಿನ ಹೊತ್ತಿಗೆ. ಅಂದು ಯಂತ್ರ ತಿರುಗಿದಷ್ಟು ಹೊತ್ತೂ ನಾನು ಗೋಡೆಯ ಕಡೆ ಮುಖ ಮಾಡಿ ಅತ್ತೆ. ಮಕ್ಕಳೆಷ್ಟು ಎಂದು ಕೇಳುವವರು ಇರಲಿಲ್ಲ.

ನಿಮ್ಮ ಹಸಿರು ಹೊದಿಕೆ ಅಲ್ಲಿಯೇ ಉಳಿದಿತ್ತು. ಅದನ್ನು ತೆಗೆದುಕೊಂಡು ಹೋಗಲು ಝೊಹರಾ ಬಂದಿದ್ದಳು. ಒಂದು ಪೊಟ್ಟಣ ಖರ್ಜೂರವನ್ನು ನನ್ನ ಕೈಯಲ್ಲಿಟ್ಟು, ಉಮ್ಮ ನಿಮ್ಮ ಮಕ್ಕಳಿಗೆ ಅಂತ ತೆಗೆದಿಟ್ಟದ್ದು ಎಂದಳು. ನನಗೆ ಕೆಮ್ಮು ಬಂತು. ನಂಬುತ್ತೀರಾ, ಅವಳು ಪಟ್ಟನೆ ನನ್ನ ಬೆನ್ನಿಗೆ ಕೈ ಹಾಕಿ ನಿಂತಳು, ಮುಖದಲ್ಲಿ ಗಾಬರಿ. ಪರಿಚಯವಾಗಿ ಐದು ನಿಮಿಷ ಆಗಿರಲಿಲ್ಲ! ಆಗ ನನಗೆ ನಿಮ್ಮ ಮಾತು ಸರಿಯಾಗಿ ಅರ್ಥವಾಯಿತು.

ಖರ್ಜೂರ ತಿನ್ನುತ್ತಲೇ ಧನ್ವಿ ಕೇಳಿದಳು, ಮೈಮೂನಜ್ಜಿ ಯಾಕೆ ತಾವೇ ಕೊಡಲಿಲ್ಲ ಎಂದು. ಮಕ್ಕಳಿಗೆ ಸುಳ್ಳು ಹೇಳಿದರೆ ಅವು ಅದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತವೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಅಳಲಿಲ್ಲ. ಆದರೆ ಮರುದಿನದಿಂದ ಬೆಳಿಗ್ಗೆ ಒಮ್ಮೆ, ಶಾಲೆಯಿಂದ ಬಂದ ಮೇಲೆ ಒಮ್ಮೆ, ಊಟದ ತಟ್ಟೆ ಇಡುವ ಮೊದಲು ಮತ್ತೊಮ್ಮೆ ಕಿವಿ. ಬೇಡ ಎಂದು ಕೈ ಎಳೆದುಕೊಂಡರೆ ಊಟ ಬಿಡುತ್ತಿದ್ದಳು. ನನಗೆ ಕಾಯಿಲೆಗಿಂತ ಅದೇ ದೊಡ್ಡ ಹೆದರಿಕೆಯಾಯಿತು. ನಾನು ಬದುಕಿರುವುದು ಇವರನ್ನು ಬೆಳೆಸಲಿಕ್ಕೆ ತಾನೆ? ಇವಳು ಬೆಳೆಯುವುದನ್ನು ಬಿಟ್ಟು ನನ್ನನ್ನೇ ಕಾಯುತ್ತ ಕೂತರೆ ಈ ಸೂಜಿ, ಈ ಬಾಯಾರಿಕೆ ಎಲ್ಲ ಯಾತಕ್ಕೆ?

ಉಪಾಯ ಹೊಳೆದದ್ದು ಇವರ ಬಸ್ಸಿನಿಂದ. ನಾರಾವಿಗೆ ಹೋಗುವ ಇವರ ಬಸ್ಸು ಶಿರ್ತಾಡಿಯಲ್ಲಿ ನಿಂತು ಹೊರಡುವಾಗ, ಹತ್ತುವವರು ಹತ್ತಿದರೆಂದು ನೋಡಿ ಇವರು ಬಾಗಿಲಿನ ತಗಡಿಗೆ ಬಡಿದು "ರೈಟ್ ಪೋಯಿ" ಎನ್ನುತ್ತಾರೆ. ಡ್ರೈವರ್ ಹಿಂತಿರುಗಿ ನೋಡುತ್ತಾನೆಯೇ? ಇಲ್ಲ. ನೋಡುವವನು ನೋಡಿಯಾಗಿದೆ, ಇನ್ನು ಹೋಗುವ, ಅಷ್ಟೇ. ಮರುದಿನ ಎದ್ದ ಕೂಡಲೇ ನಾನೇ ಬಲಗೈಯ ಬೆರಳುಗಳನ್ನು ಎಡಗೈಯ ಮೇಲಿಟ್ಟು ನೋಡಿದೆ. ಜುಂಯ್ ಉಂಟು. ಬಾಗಿಲಿಗೆ ಎರಡು ಸಲ ಬಡಿದು "ರೈಟ್ ಪೋಯಿ!" ಎಂದು ಕೂಗಿದೆ. ಸಣ್ಣವರಿಬ್ಬರೂ ಹಾಸಿಗೆಯಿಂದಲೇ ಕಿರುಚಿದರು. ಅವತ್ತಿನಿಂದ ಅದು ನಮ್ಮ ಮನೆಯ ಸುಪ್ರಭಾತ. ಅತ್ತೆ ಮಾತ್ರ, ಇದು ಮನೆಯೋ ಬಸ್‌ಸ್ಟ್ಯಾಂಡೋ ಎಂದು ಗೊಣಗುತ್ತಾರೆ.

ಧನ್ವಿ ಅಷ್ಟು ಸುಲಭಕ್ಕೆ ಬಗ್ಗುವವಳೇ? ನೀನು ಸರಿಯಾಗಿ ನೋಡಿದೆಯಾ ಎಂದು ಕೇಳಿ ತಾನೂ ಕಿವಿಯಿಡುತ್ತಿದ್ದಳು. ನಾನು ಬೇಡ ಎನ್ನಲಿಲ್ಲ. ಮೊದಲು ನನ್ನ ಬೆರಳು, ಆಮೇಲೆ ನಿನ್ನ ಕಿವಿ ಎಂದೆ. ತಿಂಗಳುಗಳೇ ಹೋದವು. ಸಂಜೆಯ ಕಿವಿ ನಿಂತಿತು. ಊಟದ ಮುಂಚಿನದ್ದೂ ಯಾವಾಗಲೋ ನಿಂತುಹೋಯಿತು. ಬೆಳಗಿನದ್ದು ಬಿಡಲಿಲ್ಲ. ಖೋಖೋ ಮಾಸ್ಟ್ರು ಮನೆಗೇ ಬಂದು ಕೇಳಿದ ಮೇಲೆ, ಆಡುತ್ತೇನೆ, ಆದರೆ ಕೈ ಕೇಳಿಯೇ ಹೊರಡುವುದು ಎಂದು ಶರತ್ತು ಹಾಕಿ ಒಪ್ಪಿದಳು. ಥೇಟ್ ನಿಮ್ಮ ಹಾಗೆ ಚೌಕಾಸಿ.

ಮತ್ತೆ ಆಡತೊಡಗಿದ ಮೇಲೆ ಇವತ್ತು ಅವಳ ಮೊದಲ ಪಂದ್ಯ, ಮೂಡುಬಿದಿರೆಯಲ್ಲಿ. ನಾನು ಎದ್ದು ಬೆರಳಿಟ್ಟು ನೋಡಿ, ಬಾಗಿಲಿಗೆ ಬಡಿದು, ಕೂಗಿ ಆಗಿತ್ತು. ಸಣ್ಣವಳ ಒಂದು ಚಪ್ಪಲಿ ಕಾಣೆ, ಚಿನ್ಮಯನಿಗೆ ಹೊಟ್ಟೆನೋವಿನ ನಾಟಕ. ಅಷ್ಟರಲ್ಲಿ ತಂಡದ ಮಕ್ಕಳನ್ನು ತುಂಬಿಕೊಂಡ ಜೀಪು ರಸ್ತೆಯಲ್ಲಿ ಹಾರ್ನ್ ಹಾಕಿತು. ಒಳಗಿದ್ದ ಮಕ್ಕಳೆಲ್ಲ ಒಟ್ಟಿಗೇ "ಧನ್ವೀ" ಎಂದು ಕೂಗಿದರು. ನಾನು ಅಭ್ಯಾಸಬಲದಿಂದ ಸೀರೆಗೆ ಕೈ ಒರೆಸಿ, ಎಡಗೈ ಚಾಚಿ ಜಗಲಿಯಲ್ಲಿ ನಿಂತೆ. ಅವಳು ಅರ್ಧ ಇಡ್ಲಿ ಬಾಯಲ್ಲಿಟ್ಟುಕೊಂಡು, ಶೂವಿನ ಲೇಸನ್ನೂ ಕಟ್ಟದೆ ನನ್ನ ಕೈಯ ಅಡಿಯಿಂದಲೇ ನುಸುಳಿ ಓಡಿದಳು. ಜೀಪು ತಿರುವಿನಲ್ಲಿ ಮರೆಯಾಯಿತು. ನಾನು ಇನ್ನೂ ಕೈ ಚಾಚಿಕೊಂಡೇ ನಿಂತಿದ್ದೆ. ನಿಜ ಹೇಳಲಾ? ಒಂದು ಕ್ಷಣ ಬೇಸರವಾಯಿತು. ಯಾರಿಗೂ ಬೇಡವಾದ ಕೈ ಎಂದು ಅನಿಸಿತು. ಆಮೇಲೆ ನನಗೆ ಎಂಥ ನಗು ಬಂತೆಂದರೆ, ಅತ್ತೆ ಒಳಗಿನಿಂದ ಬಂದು ಏನಾಯಿತೆಂದು ಕೇಳಿದರು.

ದಿನವಿಡೀ ನನಗೆ ಒಂದೇ ಹೆದರಿಕೆ. ನೆನಪಾಗಿ ಅಲ್ಲಿ ಅತ್ತಿರುತ್ತಾಳೆಯೋ, ಆಟದ ಮಧ್ಯೆ ಕುಸಿದಳೋ, ಮಾಸ್ಟ್ರ ಫೋನು ಬರುತ್ತದೆಯೋ... ಫೋನು ಬರಲಿಲ್ಲ. ಸಂಜೆ ಬಂದಳು. ಮೊಣಕಾಲು ಕೆತ್ತಿಹೋಗಿದೆ, ಸಮವಸ್ತ್ರವೆಲ್ಲ ಕೆಂಪು ಮಣ್ಣು. ಸೋತರಂತೆ. ಎದುರಿನ ತಂಡದ ಒಬ್ಬಳು ಮೋಸ ಮಾಡಿದಳಂತೆ, ಮುಂದಿನ ಸಲ ಅವಳಿಗೆ ಉಂಟಂತೆ. ಮಾತಾಡುತ್ತ ಮಾತಾಡುತ್ತ ಮೂರು ಸಲ ಅನ್ನ ಹಾಕಿಸಿಕೊಂಡಳು. ನಾನು ಎಡಗೈಯಲ್ಲೇ ಬಡಿಸಿದೆ, ಬೇಕೆಂದೇ. ಅವಳು ಕೈ ನೋಡಲಿಲ್ಲ, ಅನ್ನ ನೋಡಿದಳು.

ಕೈ ತೊಳೆಯಲು ಎದ್ದವಳು ಬಾಗಿಲಲ್ಲಿ ಗಕ್ಕನೆ ನಿಂತಳು. "ಅಮ್ಮ, ಬೆಳಿಗ್ಗೆ ಒಂದು ದೊಡ್ಡ ವಿಷಯ ಮರೆತೇ ಹೋಯ್ತು" ಎಂದಳು.

ಬಂತಲ್ಲಪ್ಪ ಎಂದುಕೊಂಡೆ. ಏನು ಎಂದು ಕೇಳಿದೆ.

"ನೀರಿನ ಬಾಟ್ಲಿ."

ಅಷ್ಟೇ, ಮೈಮೂನಕ್ಕ. ಅವಳು ಮರೆತದ್ದು ಬಾಟ್ಲಿ ಮಾತ್ರವಂತೆ.

ನಿಮ್ಮ ಶಶಿ